254 ಅಂಕ, 90 ಅರ್ಜಿ, ಆದರೂ ಸೀಟಿಲ್ಲ: ಅಮೆರಿಕದ ಆರ್ಥೋ ರೆಸಿಡೆನ್ಸಿಯ ಒಂದು ಕೇಸು

ಅಮೆರಿಕದಲ್ಲಿ ಆರ್ಥೋಪೆಡಿಕ್ ಸರ್ಜರಿ ರೆಸಿಡೆನ್ಸಿಗೆ (ನಮ್ಮ ಎಂ.ಎಸ್. ಆರ್ಥೋ ಥರದ ಐದು ವರ್ಷದ ತರಬೇತಿ) ಅರ್ಜಿ ಹಾಕಿ, ಮೊದಲ ಸಲ ಎಲ್ಲೂ ಸೀಟು ಸಿಗದೆ, ಮರುವರ್ಷ ಮತ್ತೆ ಹಾಕಿದ ಒಬ್ಬ ವಿದ್ಯಾರ್ಥಿನಿಯ ಕೇಸು ಇದು. ಅಪ್ಪ ಅಮ್ಮ ದಾವಣಗೆರೆ ಕಡೆಯವರು, ಅವಳು ಹುಟ್ಟಿ ಬೆಳೆದದ್ದು ಇಲ್ಲೇ, ಅಮೆರಿಕದಲ್ಲಿ. ನಾನು ಇಲ್ಲಿನ ಒಂದು ಟೀಚಿಂಗ್ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ಕೆಲವು ವರ್ಷ ರೆಸಿಡೆಂಟ್‌ಗಳನ್ನು ಆರಿಸುವ ಸಮಿತಿಯಲ್ಲೂ ಕೂತಿದ್ದೇನೆ. ಅವಳು ನಮ್ಮಲ್ಲಿಗೆ ಅರ್ಜಿ ಹಾಕಿರಲಿಲ್ಲ, ಹಾಗಾಗಿ ಬಿಚ್ಚಿ ಮಾತಾಡೋಕೆ ಅಡ್ಡಿ ಇರಲಿಲ್ಲ. ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಕಾಲೇಜು ಮಾತ್ರ ಬೇಡ ಅಂದಳು.

2025ರ ಮಾರ್ಚ್ 17, ಸೋಮವಾರ. ಇಲ್ಲಿ ಅದನ್ನು ಮ್ಯಾಚ್ ವಾರದ ಮೊದಲ ದಿನ ಅಂತಾರೆ. ಸಂದರ್ಶನಗಳು ಮುಗಿದ ಮೇಲೆ ಅರ್ಜಿದಾರರೂ ಆಸ್ಪತ್ರೆಗಳೂ ತಂತಮ್ಮ ಇಷ್ಟದ ಪಟ್ಟಿ ಕೊಡುತ್ತಾರೆ, ಎರಡನ್ನೂ ಕಂಪ್ಯೂಟರ್ ಹೊಂದಿಸಿ ಸೀಟು ಹಂಚುತ್ತದೆ, ಅದಕ್ಕೇ ಮ್ಯಾಚ್ ಅನ್ನುವುದು. ಯಾವ ಆಸ್ಪತ್ರೆ ಸಿಕ್ಕಿತು ಅನ್ನುವುದು ಗೊತ್ತಾಗುವುದು ಶುಕ್ರವಾರ. ಸೋಮವಾರ ಬರುವ ಈಮೇಲ್‌ನಲ್ಲಿ ಸಿಕ್ಕಿತೋ ಇಲ್ಲವೋ ಅಷ್ಟೇ ಇರುತ್ತದೆ. ಅವಳಿಗೆ ಸಿಕ್ಕಿರಲಿಲ್ಲ. ಮಧ್ಯಾಹ್ನ ಅವಳ ಅಪ್ಪ ಫೋನ್ ಮಾಡಿದರು. "ಡಾಕ್ಟ್ರೇ, 254 ಬಂದಿದೆಯಲ್ಲ, ಇನ್ನೇನು ಬೇಕಿತ್ತು ಇವರಿಗೆ?"

ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಅವರ ಅಣ್ಣನ ಮಗ ಹುಬ್ಬಳ್ಳಿಯಲ್ಲಿ ಎಂ.ಎಸ್. ಆರ್ಥೋ ಮಾಡುತ್ತಿದ್ದಾನೆ. ಅವನು ನೀಟ್ ಪಿಜಿ ಬರೆದ, ರ‍್ಯಾಂಕ್ ಬಂತು, ಕೌನ್ಸೆಲಿಂಗ್‌ನಲ್ಲಿ ಆಪ್ಷನ್ ಎಂಟ್ರಿ ಮಾಡಿದ, ಸೀಟು ಬಂತು. ಯಾರೂ ಅವನ ಮುಖ ನೋಡಲಿಲ್ಲ, ಯಾರ ಪತ್ರವನ್ನೂ ಕೇಳಲಿಲ್ಲ. ಆ ಲೆಕ್ಕದಲ್ಲಿ ನೋಡಿದರೆ 254 ತೆಗೆದ ಮಗಳಿಗೆ ಸೀಟು ಬರಲೇಬೇಕು. ಇಲ್ಲಿನ ಲೆಕ್ಕ ಬೇರೆ.

ಆ ಅಂಕದ ವಿಷಯ ಮೊದಲು ಮುಗಿಸಿಬಿಡೋಣ. ಅದು ಸ್ಟೆಪ್ 2 ಪರೀಕ್ಷೆಯದು. ಸ್ಟೆಪ್ ಅಂದರೆ ಇಲ್ಲಿ ಡಾಕ್ಟರ್ ಲೈಸೆನ್ಸಿಗೆ ಹಂತಹಂತವಾಗಿ ಬರೆಯುವ ಪರೀಕ್ಷೆಗಳು. 2022ರ ಜನವರಿಯಿಂದ ಸ್ಟೆಪ್ 1ಕ್ಕೆ ಅಂಕವೇ ಇಲ್ಲ, ಪಾಸು ಅಥವಾ ಫೇಲು ಅಷ್ಟೇ. ಹಾಗಾಗಿ ನಂಬರ್ ಅಂತ ಉಳಿದದ್ದು ಸ್ಟೆಪ್ 2 ಒಂದೇ. ಆರ್ಥೋ ಸಿಕ್ಕವರ ಸರಾಸರಿಯೂ 250ರ ಮಧ್ಯದಲ್ಲೇ ಇದೆ. ಅಂದರೆ ಅವಳ ಅಂಕ ಚೆನ್ನಾಗಿತ್ತು, ಆದರೆ ಆ ಗುಂಪಿನಲ್ಲಿ ಎದ್ದು ಕಾಣುವಂಥದ್ದೇನೂ ಅಲ್ಲ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 900 ಚಿಲ್ಲರೆ ಸೀಟು. ಅಮೆರಿಕದ ಎಂ.ಡಿ. ಕಾಲೇಜುಗಳಲ್ಲೇ (ಇಲ್ಲಿ ಎಂ.ಡಿ. ಅಂದರೆ ನಮ್ಮ ಎಂಬಿಬಿಎಸ್ ಥರದ ಮೊದಲ ವೈದ್ಯ ಪದವಿ) ಓದಿದವರಲ್ಲೂ ಸುಮಾರು ನಾಲ್ವರಲ್ಲಿ ಒಬ್ಬರು ಬರಿಗೈಲಿ ಉಳಿಯುತ್ತಾರೆ. ಹಾಗೆ ಉಳಿದವರಲ್ಲಿ 250 ದಾಟಿದವರು ಬೇಕಾದಷ್ಟು ಮಂದಿ ಇರುತ್ತಾರೆ.

ಸಂಜೆ ಅವಳೇ ವಿಡಿಯೊ ಕಾಲ್‌ನಲ್ಲಿ ಬಂದಳು. ಅತ್ತು ಮುಗಿಸಿದ್ದಳು ಅಂತ ಕಾಣುತ್ತದೆ, ದನಿ ಗಟ್ಟಿಯಾಗಿತ್ತು. "ಅಂಕಲ್, ಸಮಾಧಾನ ಬೇಡ. ಎಲ್ಲಿ ಎಡವಿದೆ ಹೇಳಿ" ಅಂದಳು. ಅರ್ಜಿಯ ಪೂರ್ತಿ ಪಿಡಿಎಫ್ ಕಳಿಸು ಅಂದೆ.

ಮೊದಲ ಅರ್ಜಿ

ಕಾಗದದ ಮೇಲೆ ಹುಡುಗಿ ಗಟ್ಟಿಗಿತ್ತಿಯೇ. ಸಂಶೋಧನೆಯ ಪ್ರಕಟಣೆ, ಪೋಸ್ಟರ್, ಭಾಷಣ ಎಲ್ಲ ಸೇರಿ ಹದಿನೆಂಟು. ಆರ್ಥೋ ಸಿಕ್ಕವರ ಸರಾಸರಿ ಈಗ 20 ದಾಟಿದೆ ಅಂತ ಕೇಳಿ ಗಾಬರಿ ಬೀಳುವವರಿಗೆ ಒಂದು ಮಾತು: ಒಂದೇ ಕೆಲಸವನ್ನು ಮೂರು ಸಮ್ಮೇಳನದಲ್ಲಿ ಹೇಳಿ, ಆಮೇಲೆ ಅಚ್ಚು ಹಾಕಿಸಿದರೆ ಲೆಕ್ಕಕ್ಕೆ ನಾಲ್ಕು. ಸಮಿತಿಯಲ್ಲಿ ಕೂತವರಿಗೆ ಇದು ಗೊತ್ತಿರುತ್ತದೆ. ಹೈಸ್ಕೂಲಿನಲ್ಲಿದ್ದಾಗ ಅವಳು ಪೆರಿ ಇನಿಷಿಯೇಟಿವ್‌ನ ಒಂದು ದಿನದ ಶಿಬಿರಕ್ಕೆ ಹೋಗಿದ್ದಳು. ಹುಡುಗಿಯರ ಕೈಗೆ ಡ್ರಿಲ್ಲು ಕೊಟ್ಟು, ಪ್ಲಾಸ್ಟಿಕ್ ಮೂಳೆಗೆ ಪ್ಲೇಟು ಕೂರಿಸುವುದು ಹೇಳಿಕೊಡುವ ಸಂಸ್ಥೆ ಅದು, 2009ರಲ್ಲಿ ಶುರುವಾದದ್ದು. ಇಲ್ಲಿ ವೃತ್ತಿಯಲ್ಲಿರುವ ಮೂಳೆ ಸರ್ಜನ್‌ಗಳಲ್ಲಿ ಹೆಂಗಸರು ಇವತ್ತಿಗೂ ನೂರಕ್ಕೆ ಹತ್ತಕ್ಕಿಂತ ಕಮ್ಮಿ. ಅವಳ ಆಸೆ ಅಲ್ಲಿಂದ ಶುರುವಾದದ್ದು, ಅರ್ಜಿಯಲ್ಲೂ ಅದನ್ನು ಚೆನ್ನಾಗಿ ಬರೆದಿದ್ದಳು.

ಒಂದು ಕೊರತೆ ಮಾತ್ರ ಅವಳ ಕೈಯಲ್ಲಿ ಇರಲಿಲ್ಲ. ಅವಳ ಮೆಡಿಕಲ್ ಕಾಲೇಜಿನಲ್ಲಿ ಆರ್ಥೋ ರೆಸಿಡೆನ್ಸಿಯೇ ಇಲ್ಲ. ಇದು ಹೊರಗಿನವರಿಗೆ ಸಣ್ಣ ವಿಷಯ ಅನ್ನಿಸಬಹುದು. ರೆಸಿಡೆನ್ಸಿ ಇರುವ ಕಾಲೇಜಿನ ವಿದ್ಯಾರ್ಥಿಯನ್ನು ಅಲ್ಲಿನ ಡಾಕ್ಟರುಗಳು ಮೂರು ನಾಲ್ಕು ವರ್ಷದಿಂದ ನೋಡಿರುತ್ತಾರೆ. ಸಂದರ್ಶನ ಗ್ಯಾರಂಟಿ, ಪತ್ರ ಬರೆಯುವವರಿಗೆ ಬರವಿಲ್ಲ. ಇವಳಿಗೆ ಅದೆಲ್ಲ ಸೊನ್ನೆ. ಅದನ್ನು ತುಂಬಿಕೊಳ್ಳೋಕೆ ಇರುವ ದಾರಿ ಒಂದೇ, ಅವೇ (away) ರೊಟೇಶನ್. ಕೊನೇ ವರ್ಷದಲ್ಲಿ ಬೇರೆ ಊರಿನ ಆಸ್ಪತ್ರೆಗೆ ಹೋಗಿ, ಸ್ವಂತ ಖರ್ಚಿನಲ್ಲಿ ರೂಮು ಹಿಡಿದು, ನಾಲ್ಕು ವಾರ ಆ ತಂಡದ ಜೊತೆ ದುಡಿಯುವುದು. ಹೆಸರಿಗೆ ಕಲಿಕೆ. ನಿಜದಲ್ಲಿ ನಾಲ್ಕು ವಾರದ ಸಂದರ್ಶನ.

ಅವಳು ಮೂರು ಮಾಡಿದ್ದಳು. ಮೂರೂ ಕರಾವಳಿ ನಗರಗಳ ದೊಡ್ಡ ದೊಡ್ಡ ಹೆಸರುಗಳು. ಅಲ್ಲಿಗೆ ಒಂದೇ ತಿಂಗಳಲ್ಲಿ ಎಂಟು ಹತ್ತು ಜನ ವಿದ್ಯಾರ್ಥಿಗಳು ಬಂದಿರುತ್ತಾರೆ. ಒಬ್ಬ ಪ್ರಖ್ಯಾತ ಸರ್ಜನ್ ಇವಳಿಗೆ ಪತ್ರ ಕೊಟ್ಟರು. ಎಷ್ಟು ದಿನ ಅವರ ಜೊತೆ ಇದ್ದೆ ಅಂತ ಕೇಳಿದೆ. ಆಪರೇಷನ್ ಥಿಯೇಟರಿನಲ್ಲಿ ಮೂರು ದಿನ, ಒಂದು ಕ್ಲಿನಿಕ್. ಆ ಪತ್ರವನ್ನು ನಾನು ನೋಡಿಲ್ಲ. ನೋಡುವ ಹಕ್ಕನ್ನು ಅವಳೂ ಬಿಟ್ಟುಕೊಟ್ಟಿದ್ದಳು, ಎಲ್ಲರೂ ಬಿಟ್ಟುಕೊಡುತ್ತಾರೆ. ಆದರೆ ಆರ್ಥೋದಲ್ಲಿ ಪತ್ರಕ್ಕೆ ಒಂದು ಸಿದ್ಧ ನಮೂನೆ ಇದೆ. ಬೇರೆ ವಿದ್ಯಾರ್ಥಿಗಳಿಗೆ ಹೋಲಿಸಿದರೆ ಇವರು ಎಲ್ಲಿ ನಿಲ್ಲುತ್ತಾರೆ, ನಿಮ್ಮ ಪಟ್ಟಿಯಲ್ಲಿ ಎಷ್ಟು ಮೇಲೆ ಇಡುತ್ತೀರಿ ಅಂತ ಅದರಲ್ಲಿ ನೇರವಾಗಿ ಕೇಳುತ್ತಾರೆ. ಮೂರು ದಿನ ನೋಡಿದವರು ಆ ಚೌಕಗಳಲ್ಲಿ ಏನು ಗುರುತು ಹಾಕಬಲ್ಲರು? ಮಧ್ಯದಲ್ಲಿ ಎಲ್ಲೋ ಹಾಕುತ್ತಾರೆ. ದೊಡ್ಡ ಹೆಸರಿನವರ ಕೈಯಿಂದ ಬಂದ ಸಾಧಾರಣ ಪತ್ರ ಸಾಧಾರಣ ಪತ್ರವೇ. ಇನ್ನೂ ಕೆಟ್ಟದ್ದು ಅಂದರೆ, ಓದುವವರು ಅವರ ಮಾತನ್ನು ನಂಬಿಬಿಡುತ್ತಾರೆ.

ಇಷ್ಟಾದರೂ ಸೀಟು ಕೈತಪ್ಪಿದ್ದಕ್ಕೆ ಮುಖ್ಯ ಕಾರಣ ಇದಲ್ಲ ಅಂತ ನನ್ನ ಎಣಿಕೆ. ಕಾರಣ ಸಿಗ್ನಲ್‌ಗಳಲ್ಲಿತ್ತು.

ಮೂವತ್ತು ಸಿಗ್ನಲ್

ಹಿಂದೆಲ್ಲ ಮಕ್ಕಳು ಎಂಬತ್ತು, ತೊಂಬತ್ತು, ನೂರು ಕಡೆ ಅರ್ಜಿ ಎಸೆಯುತ್ತಿದ್ದರು. ಒಂದೊಂದು ಪ್ರೋಗ್ರಾಮಿಗೂ ಐದಾರು ಸೀಟಿಗೆ ನೂರಾರು ಅರ್ಜಿ. ಯಾರಿಗೆ ನಿಜವಾಗಿ ನಮ್ಮ ಮೇಲೆ ಆಸೆ ಇದೆ, ಯಾರು ಸುಮ್ನೆ ಹಾಕಿದ್ದಾರೆ ಅಂತ ತಿಳಿಯುತ್ತಿರಲಿಲ್ಲ. 2022ರ ಅರ್ಜಿ ಋತುವಿನಿಂದ ಆರ್ಥೋದಲ್ಲಿ ಪ್ರತಿಯೊಬ್ಬರಿಗೂ ಮೂವತ್ತು ಸಿಗ್ನಲ್ ಕೊಟ್ಟರು. ಎಷ್ಟು ಕಡೆ ಬೇಕಾದರೂ ಅರ್ಜಿ ಹಾಕಿ, ಆದರೆ ಮೂವತ್ತು ಕಡೆಗೆ ಮಾತ್ರ "ನನಗೆ ನಿಮ್ಮಲ್ಲಿ ಆಸಕ್ತಿ ಇದೆ" ಅಂತ ಗುರುತು ಹಾಕಬಹುದು.

ನಾನು ಸಮಿತಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಅರ್ಜಿಗಳು ಬಂದ ದಿನ ಕೋಆರ್ಡಿನೇಟರ್ ಮಾಡುವ ಮೊದಲ ಕೆಲಸ ಸಿಗ್ನಲ್ ಇರುವವರನ್ನು ಬೇರೆ ಮಾಡುವುದು. ಆ ಗುಂಪೇ ನಮಗೆ ಓದಿ ಮುಗಿಸಲಾಗದಷ್ಟು ದೊಡ್ಡದಿರುತ್ತದೆ. ಉಳಿದ ಗುಂಪನ್ನು ತೆರೆಯುವುದು ಅಪರೂಪಕ್ಕೆ: ನಮ್ಮಲ್ಲಿ ರೊಟೇಶನ್ ಮಾಡಿದವರಿದ್ದರೆ, ಅಥವಾ ಗುರುತಿನ ಯಾರೋ ಫೋನ್ ಮಾಡಿ ಹೇಳಿದರೆ. ಮೂವತ್ತು ಅನ್ನುವುದು ದೊಡ್ಡ ಸಂಖ್ಯೆಯಾದ್ದರಿಂದಲೇ ಹೀಗೆ. ಐದೇ ಸಿಗ್ನಲ್ ಇದ್ದಿದ್ದರೆ, ಪಾಪ ನಮಗೆ ಉಳಿಯಲಿಲ್ಲವೇನೋ ಅಂದುಕೊಳ್ಳಬಹುದಿತ್ತು. ಮೂವತ್ತರಲ್ಲೂ ನಮಗೆ ಜಾಗ ಇಲ್ಲ ಅಂದರೆ ಅವರಿಗೆ ನಾವು ಬೇಡ ಅಂತಲೇ ಅರ್ಥ.

ಈಗ ಅವಳ ಪಟ್ಟಿ ನೋಡಿ. ತೊಂಬತ್ತು ಅರ್ಜಿ. ಮೂವತ್ತು ಸಿಗ್ನಲ್‌ನಲ್ಲಿ ಇಪ್ಪತ್ತೆರಡು ನ್ಯೂಯಾರ್ಕ್, ಬಾಸ್ಟನ್, ಕ್ಯಾಲಿಫೋರ್ನಿಯಾದಂಥ ಕಡೆಯ ಹೆಸರಾಂತ ಆಸ್ಪತ್ರೆಗಳಿಗೆ. ಅವಳು ಬೆಳೆದದ್ದು ಮಿಡ್‌ವೆಸ್ಟ್‌ನಲ್ಲಿ, ಅಂದರೆ ದೇಶದ ಒಳನಾಡಿನ ಉತ್ತರ ಭಾಗದಲ್ಲಿ, ಆ ಭಾಗಕ್ಕೆ ಬಿದ್ದದ್ದು ನಾಲ್ಕೇ. ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿತ್ತು. ತಾನು ನಾಲ್ಕು ನಾಲ್ಕು ವಾರ ದುಡಿದ ಮೂರು ಆಸ್ಪತ್ರೆಗಳಲ್ಲಿ ಎರಡಕ್ಕೆ ಸಿಗ್ನಲ್ಲೇ ಹಾಕಿರಲಿಲ್ಲ. ಯಾಕೆ ಅಂದೆ. "ಅವರಿಗೆ ನಾನು ಗೊತ್ತಲ್ವಾ ಅಂಕಲ್, ಸುಮ್ನೆ ಯಾಕೆ ಎರಡು ಹಾಳು ಮಾಡಲಿ ಅಂತ. ಕಾಲೇಜಿನ ಸಲಹೆಗಾರರೂ ಹಾಗೇ ಅಂದರು." ಆರ್ಥೋದಲ್ಲಿ ಕೊಟ್ಟಿರುವ ಸಲಹೆ ಇದಕ್ಕೆ ಪೂರಾ ಉಲ್ಟಾ. ರೊಟೇಶನ್ ಮಾಡಿದ ಕಡೆಗೂ ಸಿಗ್ನಲ್ ಹಾಕಲೇಬೇಕು. ಬಂದು ತಿಂಗಳು ಇದ್ದು ಹೋದವರು ಸಿಗ್ನಲ್ ಹಾಕಲಿಲ್ಲ ಅಂದರೆ, ನಮ್ಮನ್ನು ನೋಡಿ ಬೇಡ ಅಂದುಕೊಂಡರು ಅಂತ ತಾನೇ ತಿಳಿಯುವುದು?

ಬಂದ ಸಂದರ್ಶನ ಐದು. ನಾಲ್ಕು ಸಿಗ್ನಲ್ ಹಾಕಿದ ಕಡೆಯಿಂದ, ಒಂದು ಸಿಗ್ನಲ್ ಇಲ್ಲದಿದ್ದರೂ ರೊಟೇಶನ್ ಮಾಡಿದ್ದ ಕಡೆಯಿಂದ. ಉಳಿದ ಐವತ್ತೆಂಟು ಅರ್ಜಿಗಳಿಂದ ಒಂದೂ ಇಲ್ಲ. ಆ ವರ್ಷದ ದರ ಮೊದಲ ಮೂವತ್ತಕ್ಕೆ ತಲಾ 11 ಡಾಲರ್, ಆಮೇಲಿನದಕ್ಕೆ ತಲಾ 30. ತೊಂಬತ್ತಕ್ಕೆ 2,130 ಡಾಲರ್ ಆಯಿತು, ಅದರಲ್ಲಿ 1,800 ಮೂವತ್ತರ ಆಚೆಗಿನ ಅರ್ಜಿಗಳದೇ. ನನ್ನನ್ನು ಕೇಳಿದರೆ ಅದು ನೀರಿಗೆ ಹಾಕಿದ ದುಡ್ಡು.

ಐದು ಸಂದರ್ಶನ ಸಾಲದು. ಸಂದರ್ಶನ ಕೊಟ್ಟ ಹನ್ನೆರಡರ ಆಸುಪಾಸು ಆಸ್ಪತ್ರೆಗಳನ್ನು ತಮ್ಮ ಪಟ್ಟಿಗೆ ಹಾಕಿದವರು ಸಾಮಾನ್ಯವಾಗಿ ದಡ ಸೇರುತ್ತಾರೆ. ಐದರಲ್ಲಿ ಸಿಕ್ಕರೆ ಅದೃಷ್ಟ.

ಸೋಮವಾರದಿಂದ ಗುರುವಾರದೊಳಗೆ

ಎಲ್ಲಿ ಎಡವಿದೆ ಅನ್ನುವುದು ಗೊತ್ತಾದರೂ ಆ ವಾರದ ತುರ್ತು ಅದಲ್ಲ. ಮ್ಯಾಚ್ ಆಗದವರಿಗೆ ಸೋಪ್ ಅಂತ ಒಂದು ಪ್ರಕ್ರಿಯೆ ಇದೆ. ದೇಶದಲ್ಲಿ ಖಾಲಿ ಉಳಿದ ಸೀಟುಗಳ ಪಟ್ಟಿ ಬರುತ್ತದೆ, 45 ಅರ್ಜಿ ಹಾಕಬಹುದು, ಗುರುವಾರ ಆಫರ್ ಬರುತ್ತದೆ. ಅರ್ಜಿದಾರರು ತಾವಾಗಿ ಯಾರಿಗೂ ಫೋನ್ ಮಾಡುವಂತಿಲ್ಲ, ಆಸ್ಪತ್ರೆಯವರೇ ಮಾಡಬೇಕು. ಒಪ್ಪಿಕೊಂಡರೆ ಮುಗಿಯಿತು, ಆಮೇಲೆ ಬೇಡ ಅನ್ನುವಂತಿಲ್ಲ. ಆ ಪಟ್ಟಿಯಲ್ಲಿ ಆರ್ಥೋ ಹುಡುಕುವುದು ದಂಡ. ಇರುವುದು ನೂರಾರು ಪ್ರಿಲಿಮಿನರಿ ಸರ್ಜರಿ ಸೀಟು. ಒಂದು ವರ್ಷದ ಕೆಲಸ, ಮುಂದೇನು ಅಂತ ಗ್ಯಾರಂಟಿ ಇಲ್ಲ.

ಅಪ್ಪನ ವಾದ ನೇರವಾಗಿತ್ತು. ಪ್ರಿಲಿಮ್ ತಗೊಳ್ಳಲಿ. ಸಂಬಳ ಬರುತ್ತದೆ, ಡಾಕ್ಟರ್ ಅನ್ನಿಸಿಕೊಳ್ಳುತ್ತಾಳೆ, ಆಸ್ಪತ್ರೆಯ ಒಳಗೆ ಇರುತ್ತಾಳೆ. ತೆಗೆದುಹಾಕುವಂಥ ವಾದವಲ್ಲ. ಆರ್ಥೋ ರೆಸಿಡೆನ್ಸಿ ಇರುವ ಆಸ್ಪತ್ರೆಯಲ್ಲೇ ಪ್ರಿಲಿಮ್ ಸಿಕ್ಕರೆ, ಚೆನ್ನಾಗಿ ಕೆಲಸ ಮಾಡಿದರೆ, ಎರಡನೇ ವರ್ಷದ ಸೀಟು ಖಾಲಿ ಬಿದ್ದಾಗ ಒಳಗೆ ತಗೊಂಡ ಉದಾಹರಣೆಗಳಿವೆ.

ನಾನು ಬೇರೆ ಹೇಳಿದೆ. ಕಾಲೇಜಿಗೆ ಇವತ್ತೇ ಫೋನ್ ಮಾಡು, ಪದವಿ ಒಂದು ವರ್ಷ ಮುಂದೂಡೋಕೆ ಆಗುತ್ತಾ ಕೇಳು ಅಂದೆ.

ಇದು ಕೇಳೋಕೆ ವಿಚಿತ್ರ. ಪಾಸಾದ ಹುಡುಗಿ ಪದವಿ ತಗೊಳ್ಳದೆ ಯಾಕೆ ಇರಬೇಕು? ಲೆಕ್ಕ ಹೀಗಿದೆ. ಮೇ ತಿಂಗಳಲ್ಲಿ ಪದವಿ ಕೈಗೆ ಬಂದ ಮೇಲೆ ಅವಳು ವಿದ್ಯಾರ್ಥಿ ಅಲ್ಲ. ವಿದ್ಯಾರ್ಥಿ ಅಲ್ಲದವರಿಗೆ ಅವೇ ರೊಟೇಶನ್ನಿನ ಬಾಗಿಲು ಮುಚ್ಚುತ್ತದೆ. ಆ ಅರ್ಜಿ ವ್ಯವಸ್ಥೆ ಇರುವುದೇ ಕಾಲೇಜಿನಲ್ಲಿ ದಾಖಲಾದವರಿಗೆ. ಮೇಲಾಗಿ ಮುಂದಿನ ಮ್ಯಾಚ್‌ನಲ್ಲಿ ಅವಳು "ಹಳೇ ಪದವೀಧರೆ" ಅನ್ನುವ ಗುಂಪಿಗೆ ಬೀಳುತ್ತಾಳೆ. ಎಲ್ಲ ವಿಭಾಗಗಳನ್ನು ಒಟ್ಟು ಸೇರಿಸಿ ನೋಡಿದರೆ, ಕೊನೇ ವರ್ಷದ ಎಂ.ಡಿ. ವಿದ್ಯಾರ್ಥಿಗಳಲ್ಲಿ ನೂರಕ್ಕೆ ಸುಮಾರು 93 ಮಂದಿಗೆ ಸೀಟು ಸಿಗುತ್ತದೆ. ಹಳೇ ಪದವೀಧರರಲ್ಲಿ ಅದು ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಇನ್ನು ಪ್ರಿಲಿಮ್ ಇಂಟರ್ನ್‌ಗೆ ವಾರಕ್ಕೆ ಎಂಬತ್ತು ಗಂಟೆವರೆಗೆ ಕೆಲಸ. ಜುಲೈನಲ್ಲಿ ಸೇರಿ ಸೆಪ್ಟೆಂಬರ್‌ಗೆ ಹೊಸ ಅರ್ಜಿ ಹಾಕಬೇಕು. ಅಷ್ಟರೊಳಗೆ ಹೊಸ ಪತ್ರ ಯಾರಿಂದ ಬರುತ್ತದೆ?

ಅವಳಲ್ಲಿ ಕಮ್ಮಿ ಇದ್ದದ್ದು ಅಂಕ ಅಲ್ಲ, ಪೇಪರ್ ಅಲ್ಲ, ಅವಳನ್ನು ಹತ್ತಿರದಿಂದ ಕಂಡ ಮೂಳೆ ಡಾಕ್ಟರುಗಳು. ಅದನ್ನು ತುಂಬುವ ದಾರಿ ಇನ್ನೆರಡು ರೊಟೇಶನ್. ಅದಕ್ಕೆ ವಿದ್ಯಾರ್ಥಿಯಾಗಿ ಉಳಿಯಬೇಕು.

ಕಾಲೇಜು ಮಂಗಳವಾರ ಒಪ್ಪಿತು, ಕಮ್ಮಿ ಫೀಸಿನಲ್ಲಿ. ಕಾಲೇಜಿನಲ್ಲಿ ಕನಿಷ್ಠ ಅರ್ಧಾವಧಿ ವಿದ್ಯಾರ್ಥಿಯಾಗಿ ದಾಖಲಾಗಿದ್ದರೆ ಸರಕಾರದ ವಿದ್ಯಾರ್ಥಿ ಸಾಲದ ಕಂತು ಶುರುವಾಗುವುದಿಲ್ಲ ಅನ್ನುವುದೂ ಒಂದು ಅನುಕೂಲ. ಎಲ್ಲ ಕಾಲೇಜೂ ಹೀಗೆ ಒಪ್ಪುವುದಿಲ್ಲ, ಮೊದಲೇ ವಿಚಾರಿಸಿಕೊಂಡಿರಬೇಕು. ಅವಳು ಸೋಪ್‌ಗೆ ಅರ್ಜಿಯನ್ನೇ ಹಾಕಲಿಲ್ಲ. ಅಪ್ಪ ನನ್ನ ಜೊತೆ ಎರಡು ವಾರ ಸರಿಯಾಗಿ ಮಾತಾಡಲಿಲ್ಲ.

ಮಣಿಕಟ್ಟು ಮುರಿದ ಅಜ್ಜಿ

ಎರಡನೇ ಸಲ ಅವಳು ಆರಿಸಿಕೊಂಡ ರೊಟೇಶನ್‌ಗಳು ಎರಡು, ಜುಲೈ ಮತ್ತು ಆಗಸ್ಟ್. ಎರಡೂ ಮಿಡ್‌ವೆಸ್ಟ್‌ನ ಮಧ್ಯಮ ಗಾತ್ರದ ಊರುಗಳು. ವರ್ಷಕ್ಕೆ ಮೂರೋ ನಾಲ್ಕೋ ರೆಸಿಡೆಂಟ್ ತಗೊಳ್ಳುವ ಪ್ರೋಗ್ರಾಮ್‌ಗಳು, ತಿಂಗಳಿಗೆ ಇಬ್ಬರೇ ವಿದ್ಯಾರ್ಥಿಗಳು. ಈಗಿನ ರೆಸಿಡೆಂಟ್‌ಗಳು ಎಲ್ಲಿ ಓದಿದವರು ಅಂತ ವೆಬ್‌ಸೈಟಿನಲ್ಲಿ ನೋಡಿ, ಸ್ವಂತ ಆರ್ಥೋ ವಿಭಾಗ ಇಲ್ಲದ ಕಾಲೇಜುಗಳಿಂದ ಬಂದವರು ಇರುವ ಕಡೆಯನ್ನೇ ಹುಡುಕಿದಳು. ಇದು ನಾನು ಹೇಳಿಕೊಟ್ಟದ್ದಲ್ಲ, ಅವಳದೇ ತಲೆ.

ಜುಲೈನ ಒಂದು ರಾತ್ರಿಯ ಬಗ್ಗೆ ಅವಳು ಹೇಳಿದ್ದನ್ನು ಇಲ್ಲಿ ಬರೆಯಬೇಕು. ರಾತ್ರಿ ಎರಡಕ್ಕೆ, ಬಿದ್ದು ಮಣಿಕಟ್ಟು ಮುರಿದುಕೊಂಡ ವಯಸ್ಸಾದ ಹೆಂಗಸೊಬ್ಬರು ತುರ್ತು ವಿಭಾಗಕ್ಕೆ ಬಂದರು. ಸೀನಿಯರ್ ರೆಸಿಡೆಂಟ್ ಇನ್ನೊಂದು ಕೇಸಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಅವನು ಬರುವ ಹೊತ್ತಿಗೆ ಇವಳು ಎಲ್ಲ ಜೋಡಿಸಿಟ್ಟಿದ್ದಳು. ಬೆರಳುಗಳನ್ನು ನೇತುಹಾಕುವ ಜಾಲರಿ, ಹತ್ತಿ ಪಟ್ಟಿ, ಪ್ಲಾಸ್ಟರ್, ಕ್ರೇಪ್ ಬ್ಯಾಂಡೇಜು, ಕತ್ತರಿ. ಪ್ಲಾಸ್ಟರಿನ ಉದ್ದವನ್ನು ಮುರಿಯದ ಕೈ ಮೇಲೆ ಅಳೆದು ಹತ್ತು ಪದರ ಮಡಚಿಟ್ಟಿದ್ದಳು. ನೋವಿನ ಕೈ ಮುಟ್ಟಿ ಅಳೆಯೋದು ಯಾಕೆ ಅಂತ. ನೀರು ಉಗುರುಬೆಚ್ಚಗೆ. ಬಿಸಿ ನೀರಾದರೆ ಪ್ಲಾಸ್ಟರ್ ಬೇಗ ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಅದರಲ್ಲಿ ಹೇಗೂ ಕಾವು ಏಳುತ್ತದೆ, ಬಿಸಿ ನೀರೂ ಸೇರಿದರೆ ವಯಸ್ಸಾದವರ ತೆಳ್ಳಗಿನ ಚರ್ಮ ಸುಟ್ಟೇಹೋಗಬಹುದು. ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಸ್ಪರ್ಶ ಗೊತ್ತಾಗುತ್ತಿದೆಯಾ ಅಂತ ಕೇಳಿ ಬರೆದಿಟ್ಟಿದ್ದಳು. ರೆಸಿಡೆಂಟ್ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಎಲುಬು ಕೂರಿಸಿದ. ಇವಳು ಮೊಣಕೈ ಹಿಡಿದು ನಿಂತಳು. ಅವನು ಮೂರು ಕಡೆ ಒತ್ತಿ ಅಚ್ಚು ಕೊಡುವಾಗ, ಪ್ಲಾಸ್ಟರ್ ಗಟ್ಟಿಯಾಗುವ ತನಕ, ಅಲುಗಾಡಲಿಲ್ಲ. ಆಮೇಲೆ ಮತ್ತೆ ಬೆರಳಿನ ಸ್ಪರ್ಶ ನೋಡಿದಳು. ಎಕ್ಸ್‌ರೇಗೆ ಕಳಿಸಿ, ನೆಲದ ಮೇಲೆ ಬಿದ್ದ ಪ್ಲಾಸ್ಟರನ್ನು ತಾನೇ ಒರೆಸಿದಳು.

ಇದರಲ್ಲಿ ಪ್ರತಿಭೆ ಅನ್ನುವಂಥದ್ದೇನೂ ಇಲ್ಲ. ಆದರೆ ತಿಂಗಳ ಕೊನೆಯಲ್ಲಿ ಪ್ರೋಗ್ರಾಮ್ ಡೈರೆಕ್ಟರ್ ಪತ್ರ ಬರೆಯುವ ಮುಂಚೆ ಕೇಳುವುದು ರೆಸಿಡೆಂಟ್‌ಗಳನ್ನೇ. ಐದು ವರ್ಷ ರಾತ್ರಿ ಹಗಲು ಜೊತೆಗಿರಬೇಕಾದವರು ಅವರು. "ಈ ಹುಡುಗಿ ಇದ್ದರೆ ನಮ್ಮ ಕೆಲಸ ಹಗುರ" ಅಂತ ಒಬ್ಬ ಸೀನಿಯರ್ ಹೇಳಿದರೆ ಸಮಿತಿಯಲ್ಲಿ ಅದರ ತೂಕವೇ ಬೇರೆ. ದೊಡ್ಡ ಆಸ್ಪತ್ರೆಯಲ್ಲಿ ಹತ್ತು ವಿದ್ಯಾರ್ಥಿಗಳ ಮಧ್ಯೆ ಇವಳಿಗೆ ಆ ಪ್ಲಾಸ್ಟರ್ ಮುಟ್ಟುವ ಸರದಿಯೇ ಬರುತ್ತಿರಲಿಲ್ಲ.

ಎರಡನೇ ಪಟ್ಟಿ

ಈ ಸಲ ಅರ್ಜಿ ನಲವತ್ತು. ಸಿಗ್ನಲ್‌ಗಳಲ್ಲಿ ಮೊದಲನೆಯವು ರೊಟೇಶನ್ ಮಾಡಿದ ಆಸ್ಪತ್ರೆಗಳಿಗೆ, ಹಳೆಯವೂ ಸೇರಿ. ಅರ್ಧಕ್ಕಿಂತ ಜಾಸ್ತಿ ಮಿಡ್‌ವೆಸ್ಟ್‌ಗೆ. ಏಳೆಂಟು ಮಾತ್ರ ದೊಡ್ಡ ಹೆಸರುಗಳಿಗೆ. ಪ್ರಖ್ಯಾತ ಸರ್ಜನ್‌ರ ಪತ್ರ ಬಿಟ್ಟು ಹೊಸ ಎರಡು ಪತ್ರ ಸೇರಿಸಿದಳು. ಹೋದ ವರ್ಷ ಮ್ಯಾಚ್ ಆಗಲಿಲ್ಲ ಅನ್ನುವುದನ್ನು ಮುಚ್ಚಿಡಲಿಲ್ಲ, ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋದಳು.

ಸಂದರ್ಶನ ಒಂಬತ್ತು ಬಂತು. ಎಲ್ಲ ಕಡೆಯೂ ಒಂದೇ ಪ್ರಶ್ನೆ: ಈ ವರ್ಷ ಏನು ಮಾಡಿದೆ? ಹೇಳೋಕೆ ಅವಳ ಹತ್ತಿರ ಸರಕಿತ್ತು.

ಫೆಬ್ರವರಿಯಲ್ಲಿ ರ‍್ಯಾಂಕ್ ಪಟ್ಟಿ ಹಾಕುವಾಗ ಅಪ್ಪ ಮತ್ತೆ ಫೋನ್ ಮಾಡಿದರು. ಸಿಗುವ ಸಾಧ್ಯತೆ ಜಾಸ್ತಿ ಇರುವುದನ್ನು ಮೇಲೆ ಹಾಕಿದರೆ ಸೇಫ್ ಅಲ್ವಾ? ಅಲ್ಲ. ಇಲ್ಲಿನ ಲೆಕ್ಕಾಚಾರ 1998ರಿಂದ ಅರ್ಜಿದಾರರ ಪಟ್ಟಿಯಿಂದ ಶುರುವಾಗುತ್ತದೆ. ಅದನ್ನು ತಿದ್ದಿ ಬರೆದವರಲ್ಲಿ ಒಬ್ಬರಾದ ಆಲ್ವಿನ್ ರಾತ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿದೆ. ಮೇಲಿನ ಆಸೆ ಕೈಗೂಡದಿದ್ದರೆ ಕೆಳಗಿನದಕ್ಕೆ ಏನೂ ನಷ್ಟ ಇಲ್ಲ. ಕೆಇಎ ಆಪ್ಷನ್ ಎಂಟ್ರಿಯಲ್ಲಿ ನಿಜವಾದ ಇಷ್ಟವನ್ನೇ ಮೊದಲು ಹಾಕಿ ಅಂತಾರಲ್ಲ, ಇದೂ ಹಾಗೇ ಅಂದೆ. ಅದು ಅವರಿಗೆ ತಕ್ಷಣ ಅರ್ಥವಾಯಿತು.

2026ರ ಮಾರ್ಚ್‌ನಲ್ಲಿ ಅವಳಿಗೆ ಪಟ್ಟಿಯ ಎರಡನೇ ಆಸ್ಪತ್ರೆ ಸಿಕ್ಕಿತು. ಜುಲೈನಲ್ಲಿ ರೊಟೇಶನ್ ಮಾಡಿದ ಕಡೆ.

ಈ ಕೇಸನ್ನು ಓದಿ ಕರ್ನಾಟಕದಲ್ಲಿ ಎಂಬಿಬಿಎಸ್ ಓದುತ್ತಿರುವವರು ಇದೇ ದಾರಿ ಹಿಡಿಯಬಹುದು ಅಂದುಕೊಳ್ಳಬೇಡಿ. ಹೊರದೇಶದಲ್ಲಿ ಓದಿದವರಿಗೆ ಇಲ್ಲಿ ಆರ್ಥೋ ಸಿಗುವುದು ಬೆರಳೆಣಿಕೆಯಷ್ಟು. ಊರಲ್ಲಿ ಎಂ.ಎಸ್. ಮುಗಿಸಿ ಇಲ್ಲಿಗೆ ಫೆಲೋಶಿಪ್‌ಗೆ ಬರುವವರಿದ್ದಾರೆ, ಅದು ಒಳ್ಳೆಯ ಕಲಿಕೆ. ಆದರೆ ಇಲ್ಲಿ ತಜ್ಞ ಅನ್ನಿಸಿಕೊಳ್ಳುವ ಬೋರ್ಡ್ ಪರೀಕ್ಷೆಗೆ ಸಾಮಾನ್ಯವಾಗಿ ಇಲ್ಲಿನ ಮಾನ್ಯತೆಯ ಐದು ವರ್ಷದ ರೆಸಿಡೆನ್ಸಿಯೇ ಬೇಕು.

ಇನ್ನು ಅಪ್ಪನ ವಾದ. ಪ್ರಿಲಿಮ್ ತಗೊಂಡಿದ್ದರೂ ಸಿಗುತ್ತಿತ್ತು, ಒಂದು ವರ್ಷದ ಸಂಬಳವೂ ಉಳಿಯುತ್ತಿತ್ತು ಅಂತ ಅವರು ಈಗಲೂ ಹೇಳುತ್ತಾರೆ. ಅವಳ ಕ್ಲಾಸಿನ ಇನ್ನೊಬ್ಬ ಹುಡುಗ ಅದೇ ವಾರ ಸೋಪ್‌ನಲ್ಲಿ ಪ್ರಿಲಿಮ್ ತಗೊಂಡಿದ್ದ. ಅವನಿಗೆ ಆರ್ಥೋ ಸಿಗಲಿಲ್ಲ, ಅನಸ್ತೇಶಿಯಾ ಸಿಕ್ಕಿತು, ಖುಷಿಯಾಗೇ ಇದ್ದಾನಂತೆ. ಇಬ್ಬರನ್ನು ಇಟ್ಟುಕೊಂಡು ಯಾವ ದಾರಿ ಮೇಲು ಅಂತ ತೀರ್ಮಾನ ಮಾಡೋಕಾಗಲ್ಲ. ಸಿಗ್ನಲ್ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಈಗ ಯಾರಾದರೂ ವಿದ್ಯಾರ್ಥಿ ಸಲಹೆಗೆ ಅಂತ ಫೋನ್ ಮಾಡಿದರೆ ಅಂಕ ಆಮೇಲೆ ಹೇಳು, ಮೊದಲು ಮೂವತ್ತರ ಪಟ್ಟಿ ಕಳಿಸು ಅನ್ನುತ್ತೇನೆ.